ತವರುಮನೆ ಖಾಲಿ ಮಾಡಿದ ಮೇಲೆ ಉಳಿದ ಸಾಮಾನು: ಯಾವುದನ್ನು ಯಾರಿಗೆ ಕೊಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಬಸವನಗುಡಿಯಲ್ಲಿರುವ ನಮ್ಮ ತವರುಮನೆಯನ್ನು ಬಾಡಿಗೆಗೆ ಕೊಡುವ ಸಲುವಾಗಿ ಎರಡು ವಾರದಿಂದ ಖಾಲಿ ಮಾಡುತ್ತಿದ್ದೇವೆ. ಅಕ್ಕತಂಗಿಯರು ಬೇಕಾದದ್ದನ್ನು ಹಂಚಿಕೊಂಡ ಮೇಲೂ ಹಾಲಿನ ತುಂಬ ಸಾಮಾನು ಉಳಿದಿದೆ: ಹಳೆಯ ಡಬ್ಬದಂತಹ ಟಿವಿ, ಕೆಟ್ಟುಹೋದ ಫ್ರಿಜ್ಜು, ಇನ್ವರ್ಟರ್ ಬ್ಯಾಟರಿ, ಕಬ್ಬಿಣದ ಮಂಚ, ಮೂರು ಹತ್ತಿಯ ಹಾಸಿಗೆ, ಅಮ್ಮನ ಸೀರೆಗಳು, ಒಂದು ಚೀಲ ಮಾತ್ರೆ ಮತ್ತು ದೇವರ ಮನೆಯಿಂದ ಇಳಿಸಿದ ಹದಿನೇಳು ಪಟಗಳು. ಗುಜರಿಯವರು ಎಲ್ಲವನ್ನೂ ಸೇರಿಸಿ ಎರಡು ಸಾವಿರಕ್ಕೆ ಒಯ್ಯುತ್ತೇನೆ ಎನ್ನುತ್ತಿದ್ದಾರೆ. ಕೊಟ್ಟು ಕೈತೊಳೆದುಕೊಂಡರೆ ತಪ್ಪೇ?

ಉತ್ತರ (ಒಣತ್ಯಾಜ್ಯ ಸಂಗ್ರಹಣಾ ಕೇಂದ್ರದ ನಿರ್ವಾಹಕರು): ನಮಸ್ಕಾರ ಮೇಡಂ. ಗುಜರಿಯವರಿಗೆ ಕೊಡುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಈ ಊರಿನ ಕಬ್ಬಿಣ, ಹಿತ್ತಾಳೆ, ರದ್ದಿ ಕಾಗದಗಳೆಲ್ಲ ಮರಳಿ ಕಾರ್ಖಾನೆ ಸೇರುತ್ತಿರುವುದು ಬಹುಮಟ್ಟಿಗೆ ಅವರ ದುಡಿಮೆಯಿಂದಲೇ. ಆದರೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ವಸ್ತುವಿನಲ್ಲಿ ಅವರು ಯಾವ ಭಾಗವನ್ನು ಇಟ್ಟುಕೊಳ್ಳುತ್ತಾರೆ, ಯಾವ ಭಾಗವನ್ನು ಬಿಸಾಡುತ್ತಾರೆ? ಕಬ್ಬಿಣದ ಮಂಚದಲ್ಲಿ ಬಿಸಾಡುವಂಥದ್ದು ಏನೂ ಇಲ್ಲ, ಹಾಗಾಗಿ ಅದನ್ನು ನಿಶ್ಚಿಂತೆಯಿಂದ ಕೊಡಿ. ಸ್ಟೀಲು, ಹಿತ್ತಾಳೆ ಪಾತ್ರೆಗಳಿದ್ದರೆ ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಹಾಕಿ ಹೊಸದನ್ನೇ ತರಬಹುದು.

ತೊಂದರೆಯಿರುವುದು ಟಿವಿಯಲ್ಲಿ. ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನ ಕತ್ತಿಗೆ ತಾಮ್ರದ ಸುರುಳಿಯೊಂದು ಸುತ್ತಿಕೊಂಡಿರುತ್ತದೆ. ಬೆಲೆಯಿರುವುದು ಆ ಸುರುಳಿಗೆ ಮತ್ತು ಒಳಗಿನ ಒಂದಿಷ್ಟು ಬಿಡಿಭಾಗಗಳಿಗೆ ಮಾತ್ರ. ಅದನ್ನು ಬಿಚ್ಚಿಕೊಂಡ ಮೇಲೆ ಉಳಿಯುವ ಸೀಸ ಬೆರೆತ ದಪ್ಪ ಗಾಜನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅದು ರಾತ್ರೋರಾತ್ರಿ ಯಾವುದಾದರೂ ರಾಜಕಾಲುವೆಯ ದಂಡೆಗೆ ಹೋಗಿ ಬೀಳುತ್ತದೆ. ಫ್ರಿಜ್ಜಿನದೂ ಇದೇ ಕಥೆ: ಕಂಪ್ರೆಸರ್ ಬೇಕಾದವರು ತಾಮ್ರದ ಕೊಳವೆಯನ್ನು ಇಕ್ಕಳದಿಂದ ಕತ್ತರಿಸುತ್ತಾರೆ, ಒಳಗಿದ್ದ ಅನಿಲ ಬುಸ್ಸೆಂದು ಗಾಳಿಗೆ ಸೇರುತ್ತದೆ. ನಿಮ್ಮದು ತೊಂಬತ್ತರ ದಶಕದ ಫ್ರಿಜ್ಜಾಗಿದ್ದರೆ ಅದರಲ್ಲಿ ಓಝೋನ್ ಪದರವನ್ನು ಹಾಳುಮಾಡುವ ಅನಿಲವೇ ಇರುವ ಸಂಭವ ಹೆಚ್ಚು.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂತಹ ವಸ್ತುಗಳನ್ನು ನೋಂದಾಯಿತ ಮರುಬಳಕೆದಾರರ ಮೂಲಕ ವಿಲೇವಾರಿ ಮಾಡಿಸುವ ಹೊಣೆ ತಯಾರಿಸಿದ ಕಂಪನಿಯದು. ಆದ್ದರಿಂದ ಮೊದಲು ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿ. ಅಲ್ಲಿ ಕೆಲಸವಾಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿಯಾಗಿರುವ ಇ-ತ್ಯಾಜ್ಯ ಘಟಕವನ್ನು ನೇರವಾಗಿ ಸಂಪರ್ಕಿಸಿ. ಅಂಗಡಿಯ ಎಕ್ಸ್‌ಚೇಂಜ್ ಆಫರಿನಲ್ಲಿ ಕೊಟ್ಟರೆ ಆಯಿತು ಎಂದು ಹಲವರು ಭಾವಿಸುತ್ತಾರೆ. ಅಂಗಡಿಯವರು ಅದನ್ನು ಮುಂದೆ ಯಾರಿಗೆ ಕೊಡುತ್ತಾರೆ ಎಂದು ವಿಚಾರಿಸಿಯೇ ಕೊಡಿ.

ಬ್ಯಾಟರಿಯನ್ನು ಮಾತ್ರ ಬ್ಯಾಟರಿ ಮಾರುವ ಡೀಲರಿಗೇ ಒಪ್ಪಿಸಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುವುದರಿಂದ ಒಳ್ಳೆಯ ಬೆಲೆಯೂ ಸಿಗುತ್ತದೆ. ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ. ಭಾರ ಕಡಿಮೆಯಾಗಲೆಂದು ಆಸಿಡ್ಡನ್ನು ಚರಂಡಿಗೆ ಸುರಿಯುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಧಿ ಮುಗಿದ ಮಾತ್ರೆ, ಒಡೆದ ಥರ್ಮಾಮೀಟರ್, ಟ್ಯೂಬ್‌ಲೈಟ್, ಸೂಜಿಗಳನ್ನು 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಕರೆದಿದ್ದವು. ಅವನ್ನು ಬೇರೆ ಕಟ್ಟಿ, ಮೇಲೆ ಬರೆದು, ಕಸ ಒಯ್ಯುವ ಆಟೋ ಟಿಪ್ಪರಿನವರ ಕೈಗೇ ಕೊಡಿ. ಮಾತ್ರೆಗಳನ್ನು ಶೌಚಾಲಯಕ್ಕೆ ಸುರಿಯಬೇಡಿ.

ಪ್ರಶ್ನೆ (ಅದೇ ಸದಸ್ಯೆ): ದೇವರ ಪಟಗಳ ವಿಷಯ ಬಿಟ್ಟುಹೋಯಿತು ಸರ್. ಅತ್ತೆಯವರು ಅರಳಿಕಟ್ಟೆಯಲ್ಲಿ ಇಟ್ಟು ಬಾ ಎನ್ನುತ್ತಾರೆ.

ಉತ್ತರ: ಅರಳಿಕಟ್ಟೆಯಲ್ಲಿ ಇಟ್ಟ ಪಟಗಳಿಗೆ ಆಮೇಲೆ ಏನಾಗುತ್ತದೆ ಎಂಬುದನ್ನು ನಾವು ದಿನವೂ ನೋಡುತ್ತೇವೆ, ಮೇಡಂ. ಒಂದು ಮಳೆಗೆ ರಟ್ಟು ಉಬ್ಬುತ್ತದೆ, ಗಾಜು ಜಾರಿ ಒಡೆಯುತ್ತದೆ, ಮರುದಿನ ಗುಡಿಸಲು ಬರುವ ಪೌರಕಾರ್ಮಿಕ ಮಹಿಳೆಯ ಕೈಗೆ ಅದು ಚುಚ್ಚುತ್ತದೆ. ಅತ್ತೆಯವರ ಮನಸ್ಸಿಗೂ ನೋವಾಗದಂತೆ ಹೀಗೆ ಮಾಡಬಹುದು: ಒಂದು ನಮಸ್ಕಾರ ಮಾಡಿ, ಹಿಂಬದಿಯ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ರಟ್ಟು, ಚಿತ್ರ, ಗಾಜು, ಮರದ ಚೌಕಟ್ಟುಗಳನ್ನು ಬೇರೆ ಬೇರೆ ಮಾಡಿ. ಚೌಕಟ್ಟು ಗಟ್ಟಿಯಾಗಿದ್ದರೆ ಕಟ್ಟು ಹಾಕುವ ಅಂಗಡಿಯವರು ಗಾಜಿನೊಂದಿಗೆ ತೆಗೆದುಕೊಳ್ಳಬಹುದು. ಇಲ್ಲವಾದರೆ ಗಾಜನ್ನು ಪತ್ರಿಕೆಯಲ್ಲಿ ಸುತ್ತಿ "ಗಾಜು" ಎಂದು ದೊಡ್ಡದಾಗಿ ಬರೆದು ನಮ್ಮ ಕೇಂದ್ರಕ್ಕೆ ತನ್ನಿ. ಕಾಗದದ ಚಿತ್ರವನ್ನು ನೀರಿನಲ್ಲಿ ನೆನೆಸಿ ಗಿಡದ ಬುಡದ ಮಣ್ಣಿಗೆ ಸೇರಿಸುವುದನ್ನು ಹೆಚ್ಚಿನ ಹಿರಿಯರು ಒಪ್ಪುತ್ತಾರೆ. ಪ್ಲಾಸ್ಟಿಕ್ ಹೊದಿಕೆಯಿರುವ ಚಿತ್ರ ಕರಗುವುದಿಲ್ಲ, ಅದನ್ನು ಒಣತ್ಯಾಜ್ಯಕ್ಕೇ ಹಾಕಬೇಕು.

ಇದೆಲ್ಲ ಮಾಡುವ ಮೊದಲು ಪ್ರತಿ ಚಿತ್ರದ ಅಂಚನ್ನೊಮ್ಮೆ ಓದಿ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಪ್ರೆಸ್ಸಿನ ಹಳೆಯ ಕಲ್ಲಚ್ಚಿನ ಚಿತ್ರಗಳು ಈಗಲೂ ಕೆಲವು ಮನೆಗಳ ದೇವರ ಕೋಣೆಯಲ್ಲಿ ಮಸಿ ಹಿಡಿದು ಕೂತಿವೆ. ಚಿನ್ನದ ರೇಕಿನ ಕೆಲಸವಿರುವ ಮೈಸೂರು ಶೈಲಿಯ ಚಿತ್ರವೂ ಇರಬಹುದು. ಅಂಥದ್ದು ಸಿಕ್ಕರೆ ನೆನೆಸಲು ಹೋಗದೆ ಬಲ್ಲವರಿಗೆ ತೋರಿಸಿ.

ಪ್ರಶ್ನೆ (ಧಾರವಾಡದ ಸದಸ್ಯರು): ಹಳೆಯ ಸೀರೆ, ಹಾಸಿಗೆಗಳನ್ನು ಅನಾಥಾಶ್ರಮಕ್ಕೆ ಕೊಟ್ಟರೆ ಪುಣ್ಯವೂ ಬರುತ್ತದಲ್ಲವೇ ಸರ್?

ಉತ್ತರ: ಬೇಕೇ ಎಂದು ಮೊದಲು ಫೋನಿನಲ್ಲಿ ಕೇಳಿ, ಒಗೆದು ಇಸ್ತ್ರಿ ಮಾಡಿ ಕೊಡುವುದಾದರೆ ಖಂಡಿತ ಕೊಡಿ. ಮನೆಗೆ ಬಂದ ನೆಂಟರಿಗೆ ಉಡಲು ಕೊಡಲಾಗದ ಸೀರೆ ಆಶ್ರಮಕ್ಕೂ ಹೊರೆಯೇ. ಅದನ್ನು ವಿಲೇವಾರಿ ಮಾಡುವ ಖರ್ಚು ಅವರ ತಲೆಗೆ ಬೀಳುತ್ತದೆ. ಸವೆದ ಹತ್ತಿ ಸೀರೆಗೆ ನಿಮ್ಮ ಕಡೆಯ ಕೌದಿಗಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ, ಮತ್ತು ಕೌದಿ ಹೊಲಿಯುವವರಿಗೆ ಕೂಲಿ ಕೊಟ್ಟು ಹೊಲಿಸಿದರೆ ಅಮ್ಮನ ಸೀರೆ ಮನೆಯಲ್ಲೇ ಉಳಿಯುತ್ತದೆ. ರೇಷ್ಮೆ ಸೀರೆಯ ಜರಿಯನ್ನು ಕೊಳ್ಳುವವರು ಬಾಗಿಲಿಗೇ ಬರುತ್ತಾರೆ. ಅಸಲಿ ಜರಿಯಲ್ಲಿ ಬೆಳ್ಳಿ ಇರುವುದರಿಂದ ಇಬ್ಬರು ಮೂವರ ಬಳಿ ವಿಚಾರಿಸದೆ ಕೊಡಬೇಡಿ. ಹತ್ತಿಯ ಹಾಸಿಗೆಯನ್ನು ಬಿಚ್ಚಿ, ಹಿಂಜಿಸಿ, ಹೊಸ ಬಟ್ಟೆ ಹಾಕಿಸಬಹುದು. ಫೋಮ್ ಹಾಸಿಗೆಗೆ ಆ ಭಾಗ್ಯವಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಬ್ಯಾಂಕು, ಆಧಾರ್ ಕಾಗದಗಳನ್ನು ಟೆರೇಸಿನಲ್ಲಿ ಸುಟ್ಟುಬಿಡಬಹುದೇ?

ಉತ್ತರ: ಬೇಡ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಬಕೆಟ್ಟಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕೈಯಿಂದ ಕಿವುಚಿ ಉಂಡೆ ಮಾಡಿದರೆ ಯಾವ ಅಂಕಿಯೂ ಓದಲು ಸಿಗುವುದಿಲ್ಲ.

ಪ್ರಶ್ನೆ (ಮೊದಲ ಸದಸ್ಯೆ): ಇ-ತ್ಯಾಜ್ಯದವರಿಗೆ ಕರೆ ಮಾಡಿದೆ ಸರ್. ಒಂದು ಟಿವಿ, ಒಂದು ಫ್ರಿಜ್ಜಿಗಾಗಿ ಗಾಡಿ ಕಳಿಸಲಾಗದು ಎಂದರು.

ಉತ್ತರ: ಹಾಗೆನ್ನುವುದು ಸಾಮಾನ್ಯ, ಗಾಡಿಯ ಬಾಡಿಗೆಯೂ ಹುಟ್ಟಬೇಕಲ್ಲ. ನಿಮ್ಮ ರಸ್ತೆಯ ನಾಲ್ಕೈದು ಮನೆಗಳಲ್ಲಿ ಕೇಳಿನೋಡಿ. ಅಟ್ಟದ ಮೇಲೆ ಹಳೆಯ ಮಿಕ್ಸಿ, ಕಂಪ್ಯೂಟರ್, ಯುಪಿಎಸ್ ಇಲ್ಲದ ಮನೆ ಬಸವನಗುಡಿಯಲ್ಲಿ ಅಪರೂಪ. ಎಲ್ಲವನ್ನೂ ಸೇರಿಸಿ ಒಂದೇ ದಿನ ಗೊತ್ತುಮಾಡಿದರೆ ಬರಲು ಒಪ್ಪಬಹುದು. ಅಲ್ಲಿಯವರೆಗೆ ಟಿವಿಯನ್ನು ಮಳೆ ತಾಗದ ಕಡೆ ಇಡಿ, ಹಿಂಬದಿಯ ಮುಚ್ಚಳವನ್ನು ಮಾತ್ರ ಬಿಚ್ಚಬೇಡಿ: ಟ್ಯೂಬಿನ ಕತ್ತು ತೀರಾ ತೆಳುವಾಗಿದ್ದು ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಫ್ರಿಜ್ಜಿನ ಬಾಗಿಲನ್ನು, ಮನೆಯಲ್ಲಿ ಮಕ್ಕಳಿದ್ದರೆ, ಹಗ್ಗದಿಂದ ಬಿಗಿದು ಕಟ್ಟಿಡಿ.