ಅಪ್ಪೆ ಅಂದರೆ ಅಮ್ಮ, ಅಮ್ಮೆ ಅಂದರೆ ಅಪ್ಪ

ಮಂಗಳೂರಿನ ಹತ್ತಿರ ಬಾಡಿಗೆ ಮನೆಯಲ್ಲಿದ್ದಾಗಿನ ಮಾತು. ಒಂದು ಸಂಜೆ ಗೇಟಿನ ಸದ್ದು ಕೇಳಿದ್ದೇ ತಡ, ಪಕ್ಕದ ಮನೆ ಹುಡುಗಿ "ಎನ್ನ ಅಮ್ಮೆರ್ ಬತ್ತೆರ್" ಅಂತ ಓಡಿದಳು. ಅವಳ ಅಮ್ಮ ಬಂದರು ಅಂತ ನಾನೂ ತಿರುಗಿ ನೋಡಿದೆ. ಬಂದವರು ಅವಳ ಅಪ್ಪ. ಕೈಯಲ್ಲಿ ಮೀನಿನ ಚೀಲ. ತುಳುವಿನಲ್ಲಿ ಅಮ್ಮೆ ಅಂದರೆ ತಂದೆ, ಅಪ್ಪೆ ಅಂದರೆ ತಾಯಿ. ತಾಯ್ನುಡಿಗೆ ಅವರು ಹೇಳುವುದೂ ಅಪ್ಪೆ ಬಾಸೆ ಅಂತಲೇ.

ಮೊನ್ನೆ ಗೆಳತಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಇದು ಮತ್ತೆ ನೆನಪಾಯಿತು. ಅವಳು ಕೊರಿಯನ್ ಧಾರಾವಾಹಿ ಜಾಸ್ತಿ ನೋಡುತ್ತಾಳೆ. "ಅಲ್ಲೂ ಮಕ್ಕಳು ತಂದೆಯನ್ನ ಅಪ್ಪ ಅಂತಾರೆ. ಹಾಗಾದ್ರೆ ಅವರ ಭಾಷೆಗೂ ನಮ್ಮದಕ್ಕೂ ನಂಟು ಇರಬೇಕು ಅಲ್ವಾ?" ಈ ಮಾತು ವಾಟ್ಸಾಪ್‌ನಲ್ಲೂ ಓಡಾಡುತ್ತಿರುತ್ತದೆ. ಈ ಒಂದು ಪದ ಹಿಡಿದು ಹಾಗೆ ಹೇಳಲು ಬರುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಒಡಹುಟ್ಟಿದ ತುಳುವಿನಲ್ಲೇ ಪದ ತಲೆಕೆಳಗಾಗಿದೆ, ಎಲ್ಲೋ ದೂರದ ಕೊರಿಯನ್ನಿನಲ್ಲಿ ನಮ್ಮ ಹಾಗೇ ಇದೆ. ನಂಟಿಗೂ ಈ ಹೋಲಿಕೆಗೂ ತಾಳೆಯೇ ಇಲ್ಲ.

ಹಾಲು ಕುಡಿಯುವ ಕೂಸನ್ನು ಗಮನಿಸಿ ನೋಡಿ. ಬಾಯಿ ತುಂಬಿರುತ್ತದೆ, ಸದ್ದು ಮೂಗಿನಿಂದಲೇ ಬರಬೇಕು. ಅದು 'ಮ್ ಮ್' ಅಂತಲೇ ಕೇಳಿಸುತ್ತದೆ. ಆಮೇಲೆ ಹಸಿವಾದಾಗಲೂ ಅದೇ ಸದ್ದು, ತಾಯಿ ಕಂಡಾಗಲೂ ಅದೇ. ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1960ರ ಸುಮಾರಿಗೆ ಇದನ್ನೇ ಹೇಳಿದರು. ಅವರ ಮುಂದೆ ಮಾನವಶಾಸ್ತ್ರಜ್ಞ ಜಾರ್ಜ್ ಮರ್ಡಾಕ್ ಹಲವು ಭಾಷೆಗಳಿಂದ ಕೂಡಿಸಿದ, ತಾಯಿ ತಂದೆಗೆ ಹೇಳುವ ಸಾವಿರಕ್ಕೂ ಹೆಚ್ಚು ಪದಗಳಿದ್ದವು. ತುಟಿ ಕೂಡಿಸಿದರೆ ಸಾಕು, ಪ, ಬ, ಮ ಬಂದುಬಿಡುತ್ತವೆ. ಮಗು ಸುಮ್ನೆ ಸದ್ದು ಮಾಡುತ್ತದೆ, ಅದು ತಮ್ಮನ್ನೇ ಕರೆಯಿತು ಅಂತ ದೊಡ್ಡವರು ಹಿಗ್ಗುತ್ತಾರೆ. ಯಾವ ಸದ್ದು ಯಾರಿಗೆ ಅನ್ನುವುದನ್ನು ಆಯಾ ಭಾಷೆಯವರು ಗೊತ್ತು ಮಾಡಿಕೊಳ್ಳುತ್ತಾರೆ. ಮ ತಾಯಿಗೆ ಹೋಗುವುದೇ ಹೆಚ್ಚು, ಆದರೆ ಅದು ಕಟ್ಟಳೆಯಲ್ಲ. ಜಾರ್ಜಿಯನ್ ಭಾಷೆಯಲ್ಲಿ ಮಾಮಾ ಅಂದರೆ ತಂದೆ, ದೇದಾ ಅಂದರೆ ತಾಯಿ. ತುಳುವಿಗೆ ಅಲ್ಲೊಂದು ಜೊತೆ ಸಿಕ್ಕಿತು.

ನಮ್ಮ ಸುತ್ತಲೇ ಎಷ್ಟು ಅದಲುಬದಲು ಇದೆ ನೋಡಿ. ಹಳಗನ್ನಡದಲ್ಲಿ ಅಬ್ಬೆ ಅಂದರೆ ತಾಯಿ. ಅತ್ತಿಮಬ್ಬೆಯ ಹೆಸರಿನ ಕೊನೆಯಲ್ಲಿ ಇರುವುದು ಅದೇ. ಪಂಪನ ತಾಯಿಯ ಹೆಸರು ಅಬ್ಬಣಬ್ಬೆ. ಹವ್ಯಕರ ಮನೆಗಳಲ್ಲಿ ಈಗಲೂ ತಾಯಿ ಅಬ್ಬೆಯೇ. ಪಕ್ಕದ ತೆಲುಗಿಗೆ ಹೋದರೆ ಅಬ್ಬ ಅಂದರೆ ತಂದೆ! ನಮ್ಮ ಉತ್ತರ ಕರ್ನಾಟಕದಲ್ಲಿ ಅವ್ವ ತಾಯಿಯಾದರೆ ತೆಲುಗಿನಲ್ಲಿ ಅಜ್ಜಿ. ತಮಿಳಿನಲ್ಲಿ ಅಮ್ಮಾನ್ ಅಂದರೆ ಸೋದರಮಾವ. 10ನೇ ಶತಮಾನದಲ್ಲಿ ಆಂಧ್ರದ ವೆಂಗಿಯನ್ನು ಆಳಿದ ಪೂರ್ವ ಚಾಲುಕ್ಯರಲ್ಲಿ ಅಮ್ಮ ಅನ್ನುವ ಹೆಸರಿನ ರಾಜರೇ ಇಬ್ಬರಿದ್ದಾರೆ.

ಹಾಗಾದರೆ ನಂಟನ್ನು ಎಲ್ಲಿ ಹುಡುಕಬೇಕು? ಸಾಲು ಸಾಲು ಪದಗಳು ಒಂದೇ ಬಗೆಯಲ್ಲಿ ಬದಲಾದ ಕಡೆ. ತಮಿಳಿನ ಪಾಲ್, ಪಲ್, ಪುಲಿ, ಪೂ ನಮ್ಮಲ್ಲಿ ಹಾಲು, ಹಲ್ಲು, ಹುಲಿ, ಹೂ. ತುಳುವಿನಲ್ಲೂ ಹುಲಿ ಪಿಲಿ, ಹೂ ಪೂ. ಹಳಗನ್ನಡದಲ್ಲಿ ನಾವೂ ಪ ಅನ್ನುತ್ತಿದ್ದೆವು, ಆಮೇಲೆ ಹ ಆಯಿತು. ಕೊರಿಯನ್ನಿನಲ್ಲಿ ಕಣ್ಣಿಗೆ ನುನ್, ಕೈಗೆ ಸೊನ್. ಅಲ್ಲಿ ಇಂಥ ಸಾಲು ಸಿಗುವುದಿಲ್ಲ.

ಪ ಹೋಗಿ ಹ ಬಂದರೂ ಅಪ್ಪ ಮಾತ್ರ ಅಪ್ಪನಾಗಿಯೇ ಉಳಿದ. ಯಾಕೆಂದರೆ ಒತ್ತಕ್ಷರದ ಪ್ಪ ಅಲುಗಲಿಲ್ಲ. ಉಪ್ಪು, ತುಪ್ಪ, ಕಪ್ಪು ಎಲ್ಲ ಹಾಗೇ ಇವೆ. ಮಲಯಾಳದ ಪಪ್ಪಡಂ ನಮ್ಮ ಹಪ್ಪಳದ ಪಕ್ಕ ಇಟ್ಟು ನೋಡಿ: ಮೊದಲ ಪ ಹ ಆಗಿದೆ, ನಡುವಿನ ಪ್ಪ ಕದಲಿಲ್ಲ. ಒಂದೇ ಪದದಲ್ಲಿ ಎರಡೂ ಕಾಣುತ್ತವೆ. ಜಪಾನಿ ಭಾಷೆಯಲ್ಲೂ ಪ ಹ ಆಗಿದೆ. ಅಲ್ಲಿ ತಾಯಿಗೆ ಹಾಹಾ ಅನ್ನುತ್ತಾರೆ, ಅದು ಮೊದಲು ಪಾಪಾ ಇತ್ತು. ಅವರ ದೇಶದ ಹೆಸರು ನಿಹೋನ್ ಕೂಡ ಹೌದು, ನಿಪ್ಪೋನ್ ಕೂಡ ಹೌದು. ಅಲ್ಲೂ ಒತ್ತಿನ ಪ್ಪ ಉಳಿದುಕೊಂಡಿದೆ. ಇದನ್ನು ಮೊದಲು ತಿಳಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ತಂದೆ ಅನ್ನುವ ಪದದ ಕಥೆ ಬೇರೆ. ಅದು ಕೂಸಿನ ತೊದಲಲ್ಲ. ಹಳೆಯ ತಮಿಳಿನಲ್ಲಿ ಎಂದೈ ಅಂದರೆ ನನ್ನ ತಂದೆ, ನುಂದೈ ಅಂದರೆ ನಿನ್ನ ತಂದೆ, ತಂದೈ ಅಂದರೆ ಅವನ ಅಥವಾ ಅವರ ತಂದೆ. ಕೊನೆಯದೇ ನಮ್ಮ ತಂದೆ. ನಾವು 'ನನ್ನ ತಂದೆ' ಅಂದಾಗ ಪದದೊಳಗೆ 'ತನ್ನ' ಅನ್ನುವ ಅರ್ಥ ಆಗಲೇ ಕೂತಿರುತ್ತದೆ.

ಈಗ ನಾನು ಕೇಳಬೇಕಾದ್ದು. ಹಳೇ ಮೈಸೂರು ಕಡೆ ಕೆಲವು ಮನೆಗಳಲ್ಲಿ ಮಕ್ಕಳು ತಂದೆಯನ್ನು ಅಣ್ಣ ಅಂತ ಕರೆಯುತ್ತಾರೆ. ಚಿಕ್ಕಪ್ಪಂದಿರು ಅಣ್ಣ ಅನ್ನುವುದನ್ನು ಕೇಳಿ ಕೇಳಿ ಮಕ್ಕಳೂ ಹಾಗೇ ಕಲಿತರು ಅಂತ ಹಿರಿಯರು ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಹೀಗಿದ್ದರೆ ಯಾವ ಊರು, ತಾಯಿಗೆ ಏನಂತಿದ್ದರು ಅನ್ನುವುದನ್ನೂ ಸೇರಿಸಿ ಬರೆಯಿರಿ. ತುಳು ಮನೆಮಾತಿನವರು ಇನ್ನೊಂದನ್ನೂ ತಿಳಿಸಬೇಕು: ಅಮ್ಮೆ ಅಂತ ಎದುರಿಗೇ ಕರೆಯುತ್ತೀರಾ, ಇಲ್ಲಾ ಬೇರೆಯವರ ಹತ್ತಿರ ಹೇಳುವಾಗ ಮಾತ್ರವಾ?