ಗುಲಾಮರಾಗಿದ್ದವರು ಹೆಂಡತಿ ಮಕ್ಕಳನ್ನು ಕೊಂಡು ಬಿಡಿಸಿಕೊಂಡಿದ್ದು ಹೇಗೆ?

ಪ್ರಶ್ನೆ:
ಅಮೆರಿಕದಲ್ಲಿ ಕೆಲವರು ದುಡ್ಡು ಕೊಟ್ಟು ತಮ್ಮವರನ್ನೇ ಗುಲಾಮಗಿರಿಯಿಂದ ಬಿಡಿಸಿಕೊಂಡರು ಅಂತ ಓದಿದೆ. ಕೂಲಿಯೇ ಇಲ್ಲದವರಿಗೆ ಅಷ್ಟು ದುಡ್ಡು ಎಲ್ಲಿಂದ ಬರ್ತಿತ್ತು?

ಉತ್ತರ 1:
ಒಡೆಯನ ಕೆಲಸ ಮುಗಿದ ಮೇಲೆ ದುಡಿದದ್ದು. ಕನೆಕ್ಟಿಕಟ್‌ನಲ್ಲಿ ಗುಲಾಮರಾಗಿದ್ದ ವೆಂಚರ್ ಸ್ಮಿತ್ ಅವರನ್ನೇ ನೋಡಿ. ರಾತ್ರಿ ಮೀನು ಹಿಡಿದರು, ಆಲೂಗಡ್ಡೆ ಬೆಳೆದರು, ಬೇರೆಯವರ ಬೂಟು ಒರೆಸಿದರು, ಹಾಸಿಗೆಗೂ ಖರ್ಚು ಮಾಡದೆ ಒಲೆ ಮುಂದೆ ನೆಲದ ಮೇಲೇ ಒಂದು ಹೊದಿಕೆ ಕೆಳಗೆ ಒಂದು ಮೇಲೆ ಹಾಕಿಕೊಂಡು ಮಲಗಿದರು. 1765ರಲ್ಲಿ ತಮ್ಮ ಬಿಡುಗಡೆಗೆ 71 ಪೌಂಡ್ 2 ಶಿಲಿಂಗ್ ಕಟ್ಟಿದರು. ಆಮೇಲೆ ಲಾಂಗ್ ಐಲ್ಯಾಂಡ್‌ನಲ್ಲಿ ಸೌದೆ ಕಡಿದು ಇಬ್ಬರು ಗಂಡುಮಕ್ಕಳನ್ನು ತಲಾ 200 ಡಾಲರಿಗೆ ಕೊಂಡರು. ಹೆಂಡತಿ ಮೆಗ್‌ಗೆ 40 ಪೌಂಡ್, ಮಗಳಿಗೆ 44.

ಉತ್ತರ 2:
ಮೆಗ್ ಆಗ ಬಸುರಿ, ಅದನ್ನೂ ಹೇಳಬೇಕು. ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮನೇ ಅನ್ನೋದು ಕಾನೂನು, ವರ್ಜೀನಿಯಾದಲ್ಲಂತೂ 1662ರಿಂದಲೇ ಇತ್ತು. ಹೆರಿಗೆಗೆ ಮೊದಲೇ ಕೊಳ್ಳದಿದ್ದರೆ ಮಗುವಿಗೆ ಬೇರೆ ಬೆಲೆ ಕೊಡಬೇಕಿತ್ತು! ಇದನ್ನು ಓದಿದಾಗ ನನಗೆ ಹೊಟ್ಟೆ ಉರೀತು.

ಉತ್ತರ 3:
ಕೊಂಡರೂ ಕಷ್ಟ ತಪ್ಪಲಿಲ್ಲ. ವರ್ಜೀನಿಯಾದ 1806ರ ಕಾನೂನಿನ ಪ್ರಕಾರ ಬಿಡುಗಡೆಯಾದವರು 12 ತಿಂಗಳೊಳಗೆ ರಾಜ್ಯ ಬಿಡಬೇಕಿತ್ತು. ಹಾಗಾಗಿ ಎಷ್ಟೋ ಗಂಡಂದಿರು ಹೆಂಡತಿಯನ್ನು ಕಾಗದದ ಮೇಲೆ ತಮ್ಮ ಗುಲಾಮಳಾಗಿಯೇ ಉಳಿಸಿಕೊಂಡರು. ಗಂಡ ಸಾಲ ಮಾಡಿದ್ದರೆ ಸಾಲ ಕೊಟ್ಟವರು ಅವಳನ್ನೂ ಆಸ್ತಿ ಅಂತ ಹಿಡಿಯಬಹುದಿತ್ತು.