ಅಪ್‌ಡೇಟ್: 'ಟೇಲ್ +2' ಗಲಾಟೆ ಬಗೆಹರಿಯಿತು

ಸಿಎಸ್‌ವಿ ಫೈಲ್‌ನ ಹೆಡರ್ (ಮೊದಲ ಸಾಲು) ಬಿಟ್ಟು ಎರಡನೇ ಸಾಲಿನಿಂದ ತೋರಿಸಲು ಬರೆದ 'ಟೇಲ್ +2' ಕಮಾಂಡ್ ಹೊಸ ಸರ್ವರ್‌ನಲ್ಲಿ ಮಾತ್ರ '+2 ಎಂಬ ಫೈಲ್ ಇಲ್ಲ' ಅನ್ನುತ್ತಿದೆ ಎಂದು ಕೇಳಿದ್ದೆನಲ್ಲ? ಕಾರಣ ಸಿಕ್ಕಿತು.

2001ರ ಪಾಸಿಕ್ಸ್ (ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳಲ್ಲಿ ಕಮಾಂಡ್‌ಗಳು ಹೇಗಿರಬೇಕೆಂದು ಹೇಳುವ ಮಾನದಂಡ) ಈ ಹಳೇ ರೂಪವನ್ನು ಕೈಬಿಟ್ಟಿತ್ತು. ಅದರ ಲೆಕ್ಕದಲ್ಲಿ +2 ಅಂದರೆ ಸುಮ್ನೆ ಒಂದು ಫೈಲ್ ಹೆಸರು. 2008ರದ್ದು ಮತ್ತೆ ಸಡಿಲ ಬಿಟ್ಟಿತು, ಹಾಗಾಗಿ ಈಗಿನ ಗ್ನು ಕೋರ್‌ಯುಟಿಲ್ಸ್ (ಟೇಲ್, ಸಾರ್ಟ್‌ನಂಥ ಕಮಾಂಡ್‌ಗಳ ಕಟ್ಟು) ಹಳೇದನ್ನೂ ಒಪ್ಪುತ್ತದೆ. ಆದರೆ ನಮ್ಮ ಹೊಸ ಸರ್ವರ್‌ನ ಪ್ರೊಫೈಲ್‌ನಲ್ಲಿ (ಲಾಗಿನ್ ಆದಾಗ ಓದುವ ಸೆಟ್ಟಿಂಗ್ ಫೈಲ್) ಯಾರೋ ಪುಣ್ಯಾತ್ಮರು ಪಾಸಿಕ್ಸ್ ಆವೃತ್ತಿಯ ವೇರಿಯಬಲ್‌ಗೆ 200112, ಅಂದರೆ 2001ರ ಆವೃತ್ತಿ, ಅಂತ ಹಾಕಿಟ್ಟಿದ್ದರು! ತೆಗೆದ ಕೂಡಲೇ ಸರಿಹೋಯಿತು.

ಆದರೂ ಸ್ಕ್ರಿಪ್ಟನ್ನು 'ಟೇಲ್ -ಎನ್ +2' ಎಂದು ಬದಲಿಸಿದೆ. ಅದು ಎರಡೂ ಆವೃತ್ತಿಗಳಲ್ಲಿ ನಡೆಯುತ್ತದೆ. ಬೇಜಾರು ಒಂದೇ: ಎರರ್ ಮೆಸೇಜ್‌ನಲ್ಲಿ ಇದರ ಸುಳಿವೇ ಇರಲಿಲ್ಲ, ಎರಡು ದಿನ ಫೈಲ್ ಪರ್ಮಿಶನ್ ನೋಡುತ್ತಾ ಕೂತಿದ್ದೆ. ಇದೇ ಥರದ ಹಳೇ ರೂಪವಾದ 'ಸಾರ್ಟ್ +1' ಇರುವ 6 ಸ್ಕ್ರಿಪ್ಟ್ ಬದಲಿಸುವುದು ಇನ್ನೂ ಬಾಕಿ ಇದೆ.